ಪಠ್ಯ ಬ್ರೌಸರ್‌ಗಳ ಜ್ಞಾಪಕಶಕ್ತಿ: ಬುಕ್‌ಮಾರ್ಕ್‌ಗೆ ಯಾವುದು ವಾಸಿ, ಹಿಸ್ಟರಿಗೆ ಯಾವುದು?

ಮೊದಲು ಹೆಸರಿನ ತಕರಾರನ್ನು ಬಗೆಹರಿಸಿಕೊಳ್ಳೋಣ. ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆಗಳನ್ನು ಟೈಪಿಸಿ ಕೆಲಸ ಮಾಡಿಸುವ ಕಿಟಕಿಯಲ್ಲಿ, ಅಕ್ಷರಗಳನ್ನಷ್ಟೇ ತೋರಿಸುವ ಬ್ರೌಸರ್‌ಗಳ ಪೈಕಿ ಎರಡರ ಹೆಸರನ್ನು ಕನ್ನಡದಲ್ಲಿ ಬರೆದರೆ ಒಂದೇ ಆಗುತ್ತದೆ: ಲಿಂಕ್ಸ್. ಒಂದು ಕಾಡುಬೆಕ್ಕಿನ ಹೆಸರು. ಇಂಗ್ಲಿಷಿನಲ್ಲಿ ನಡುವೆ ‘ವೈ’ ಬರುತ್ತದೆ. ಇನ್ನೊಂದಕ್ಕೆ ‘ಕೊಂಡಿಗಳು’ ಎಂದು ಅರ್ಥ. ನಡುವೆ ‘ಐ’ ಬರುತ್ತದೆ. ಎರಡನ್ನೂ ಹೆಚ್ಚಿನವರು ಓಡಿಸುವುದು ಲಿನಕ್ಸ್ ಮೇಲೆ ಎಂಬುದು ಈ ಗೊಂದಲಕ್ಕೆ ಬಿದ್ದ ಒಗ್ಗರಣೆ. ಆದ್ದರಿಂದ ಇಲ್ಲಿ ಮೊದಲನೆಯದನ್ನು ಬೆಕ್ಕು ಲಿಂಕ್ಸ್ ಎಂದೂ ಎರಡನೆಯದನ್ನು ಕೊಂಡಿ ಲಿಂಕ್ಸ್ ಎಂದೂ ಕರೆಯುತ್ತೇನೆ. ಕೊಂಡಿ ಲಿಂಕ್ಸ್‌ನಿಂದ ಕವಲೊಡೆದು ಬೆಳೆದದ್ದು ಇಲಿಂಕ್ಸ್. ಬೆಕ್ಕಿನ ಪಕ್ಕದಲ್ಲಿ ಇಲಿ ಬಂದು ಕುಳಿತದ್ದು ಕನ್ನಡ ಲಿಪಿಯಲ್ಲಿ ಮಾತ್ರ ಕಾಣುವ ತಮಾಷೆ. ನಾಲ್ಕನೆಯದು ಜಪಾನಿನ ಡಬ್ಲ್ಯೂ3ಎಂ. ಕೀಲಿಗಳ ಹೆಸರುಗಳನ್ನೂ ಕನ್ನಡದಲ್ಲಿಯೇ ಬರೆದಿದ್ದೇನೆ. ‘ಸಣ್ಣ ಎ’ ಎಂದರೆ ಇಂಗ್ಲಿಷ್ ವರ್ಣಮಾಲೆಯ ಮೊದಲ ಅಕ್ಷರ, ‘ದೊಡ್ಡ ವಿ’ ಎಂದರೆ ಶಿಫ್ಟ್ ಹಿಡಿದು ಒತ್ತುವ ವಿ.

ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂದು ಕೇಳಿದಾಗ ಜನ ವೇಗ, ಕೋಷ್ಟಕಗಳ ಅಂದ, ಚಿತ್ರ ತೋರಿಸುವ ಸಾಮರ್ಥ್ಯ ಇವುಗಳ ಮಾತೆತ್ತುತ್ತಾರೆ. ದೂರದ ಸರ್ವರ್‌ಗೆ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿನ ಟರ್ಮಿನಲ್ ತೆರೆಯುವ ಸುರಕ್ಷಿತ ಸಂಪರ್ಕ) ಮೂಲಕ ಹೊಕ್ಕು ಕೆಲಸ ಮಾಡುವವರಿಗೆ, ಹಳೆಯ ಲ್ಯಾಪ್‌ಟಾಪನ್ನು ಇನ್ನೂ ಓಡಿಸುತ್ತಿರುವವರಿಗೆ, ಸ್ಕ್ರೀನ್ ರೀಡರ್ ಅಥವಾ ಬ್ರೈಲ್ ಫಲಕದ ಮೂಲಕ ಓದುವವರಿಗೆ ಅವೆಲ್ಲ ಮುಖ್ಯವೇ. ಆದರೆ ತಿಂಗಳೊಪ್ಪತ್ತು ಬಳಸಿದ ಮೇಲೆ ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ: ಮುಚ್ಚಿ ಹೊರಗೆ ಬಂದ ಮೇಲೆ ಈ ಬ್ರೌಸರ್‌ಗೆ ಏನು ನೆನಪಿರುತ್ತದೆ? ಬುಕ್‌ಮಾರ್ಕ್ ವಿಷಯದಲ್ಲಿ ನಾಲ್ಕೂ ಹೆಚ್ಚು ಕಡಿಮೆ ಒಂದೇ ದಾರಿಯಲ್ಲಿವೆ. ಹಿಸ್ಟರಿಗೆ ಬಂದರೆ ಒಂದಕ್ಕೊಂದು ಸಂಬಂಧವೇ ಇಲ್ಲ.

ಬೆಕ್ಕು ಲಿಂಕ್ಸ್: ಹೇಳಿದ್ದನ್ನು ಬರೆದಿಡುತ್ತದೆ, ಕಂಡದ್ದನ್ನು ಮರೆಯುತ್ತದೆ

1992ರಲ್ಲಿ ಅಮೆರಿಕದ ಕಾನ್ಸಸ್ ವಿಶ್ವವಿದ್ಯಾಲಯದಲ್ಲಿ ಕ್ಯಾಂಪಸ್ ಮಾಹಿತಿ ಹಂಚಲೆಂದು ಹುಟ್ಟಿದ್ದು ಇದು. ಇಂದಿಗೂ ತಿದ್ದುಪಡಿ ಕಾಣುತ್ತಿರುವ ಬ್ರೌಸರ್‌ಗಳಲ್ಲಿ ಇದೇ ಎಲ್ಲಕ್ಕಿಂತ ಹಿರಿಯದು. ಹಿರಿಯರ ಅಭ್ಯಾಸಗಳೇ ಇದಕ್ಕೂ ಇವೆ: ಮಾತು ಕಡಿಮೆ, ಕಟ್ಟುನಿಟ್ಟು ಹೆಚ್ಚು.

ಬುಕ್‌ಮಾರ್ಕ್ ಮಾಡಲು ಸಣ್ಣ ಎ ಒತ್ತಬೇಕು. ಆಗ ಅದು ಕೆಳಗಿನ ಸಾಲಿನಲ್ಲಿ ಒಂದು ಪ್ರಶ್ನೆ ಕೇಳುತ್ತದೆ: ಉಳಿಸಬೇಕಾದ್ದು ಈಗ ತೆರೆದಿರುವ ಪುಟವೋ, ಕರ್ಸರ್ ನಿಂತಿರುವ ಕೊಂಡಿಯೋ? ಪುಟಕ್ಕೆ ಡಿ, ಕೊಂಡಿಗೆ ಎಲ್, ಬೇಡವಾದರೆ ಸಿ. ಮೊದಮೊದಲು ಈ ಪ್ರಶ್ನೆ ಅಡ್ಡಿ ಎನಿಸುತ್ತಿತ್ತು. ಈಗ ಇದು ನನಗೆ ಅದರ ಅತಿ ದೊಡ್ಡ ಗುಣವಾಗಿ ಕಾಣುತ್ತದೆ. ಹತ್ತಾರು ಕೊಂಡಿಗಳಿರುವ ಪರಿವಿಡಿ ಪುಟದಲ್ಲಿ ನಿಂತು, ಯಾವ ಪುಟವನ್ನೂ ತೆರೆಯದೆ, ಬೇಕಾದ ಐದಾರನ್ನು ಮಾತ್ರ ಹೆಕ್ಕಿ ಪಟ್ಟಿಗೆ ಸೇರಿಸಬಹುದು. ನಿಧಾನದ ಸಂಪರ್ಕದಲ್ಲಿ ಇದರ ಬೆಲೆ ತಿಳಿಯುತ್ತದೆ. ಬಳಿಕ ಶೀರ್ಷಿಕೆಯನ್ನು ತಿದ್ದಲು ಅವಕಾಶ ಕೊಡುತ್ತದೆ. ವಿಳಾಸವನ್ನು ತಿದ್ದಲು ಕೊಡುವುದಿಲ್ಲ. ಅದರ ಬಾಲಕ್ಕೆ ಅಂಟಿಕೊಂಡ ಉದ್ದನೆಯ ಕಸವೂ ಹಾಗೆಯೇ ಫೈಲಿಗೆ ಹೋಗುತ್ತದೆ.

ಪಟ್ಟಿ ನೋಡಲು ಸಣ್ಣ ವಿ. ಪಟ್ಟಿಯಲ್ಲಿ ಬೇಡದ ಸಾಲಿನ ಮೇಲೆ ನಿಂತು ಸಣ್ಣ ಆರ್ ಒತ್ತಿದರೆ, ನಿಜವಾಗಿಯೂ ಅಳಿಸಬೇಕೇ ಎಂದು ಕೇಳಿ ಅಳಿಸುತ್ತದೆ. ಎಲ್ಲವೂ ಹೋಂ ಫೋಲ್ಡರ್‌ನಲ್ಲಿರುವ ಒಂದು ಎಚ್‌ಟಿಎಂಎಲ್ ಫೈಲಿನಲ್ಲಿ ಕುಳಿತಿರುತ್ತದೆ. ಅದನ್ನು ಯಾವುದೇ ಎಡಿಟರ್‌ನಲ್ಲಿ ತೆರೆದು ಸಾಲುಗಳನ್ನು ಹಿಂದೆ ಮುಂದೆ ಮಾಡಬಹುದು ಎಂದು ಆ ಫೈಲಿನ ತಲೆಯಲ್ಲೇ ಬರೆದಿಟ್ಟಿರುತ್ತಾರೆ. ಹೊಸದು ಯಾವಾಗಲೂ ಕೊನೆಗೆ ಸೇರುತ್ತದೆ. ಒಳಗೆ ಫೋಲ್ಡರ್‌ಗಳಿಲ್ಲ. ಅದರ ಬದಲಿಗೆ, ಸಣ್ಣ ಒ ಒತ್ತಿ ತೆರೆಯುವ ಆಯ್ಕೆಗಳ ಪುಟದಲ್ಲಿ ‘ಬಹು ಬುಕ್‌ಮಾರ್ಕ್’ ಎಂಬುದನ್ನು ಚಾಲೂ ಮಾಡಿದರೆ ಇಂಗ್ಲಿಷಿನ ಎಯಿಂದ ಝಡ್‌ವರೆಗೆ 26 ಬೇರೆ ಬೇರೆ ಫೈಲುಗಳನ್ನು ಇಟ್ಟುಕೊಳ್ಳಬಹುದು. ನನ್ನಲ್ಲಿ ಕೆ ಎಂದರೆ ಕನ್ನಡ, ಡಿ ಎಂದರೆ ಡೆಬಿಯನ್ ಎಂಬ ಲಿನಕ್ಸ್ ಬಗೆಯ ಕೈಪಿಡಿ, ಆರ್ ಎಂದರೆ ರೈಲು ಮತ್ತು ಬಸ್ಸು. ಅಡುಗೆಮನೆಯ ಡಬ್ಬಿಗಳ ಸಾಲಿನಂತೆ: ಯಾವ ಡಬ್ಬಿಯಲ್ಲಿ ಏನಿದೆ ಎಂಬುದು ಮನೆಯವರಿಗೆ ಮಾತ್ರ ಗೊತ್ತು, ಆದರೆ ಕೈ ನೇರವಾಗಿ ಅಲ್ಲಿಗೇ ಹೋಗುತ್ತದೆ. ಒಂದು ಎಚ್ಚರಿಕೆ: ತುಂಬಿದ ವಿವರ ವಿಳಾಸದಲ್ಲಿ ಸೇರದಂಥ (‘ಪೋಸ್ಟ್’ ವಿಧಾನದ) ಫಾರಂ ಕಳುಹಿಸಿದ ಮೇಲೆ ಬರುವ ಉತ್ತರದ ಪುಟಗಳನ್ನು ಉಳಿಸಲು ಬೆಕ್ಕು ಲಿಂಕ್ಸ್ ಒಪ್ಪುವುದಿಲ್ಲ. ಆ ವಿಳಾಸಕ್ಕೆ ಮತ್ತೆ ಹೋದರೆ ಅದೇ ಉತ್ತರ ಸಿಗದು ಎಂಬ ಕಾರಣಕ್ಕೆ ಮೊದಲೇ ನಿರಾಕರಿಸುತ್ತದೆ. ನನಗೆ ಇದು ಸರಿಯೆನಿಸುತ್ತದೆ.

ಇನ್ನು ಹಿಸ್ಟರಿ. ಇಲ್ಲಿ ಎರಡು ಪಟ್ಟಿಗಳಿವೆ, ಹೊಸಬರು ಎರಡನ್ನೂ ಒಂದೇ ಎಂದುಕೊಂಡು ಎಡವುತ್ತಾರೆ. ಬ್ಯಾಕ್‌ಸ್ಪೇಸ್ ಒತ್ತಿದರೆ ಕಾಣುವುದು ಈಗ ನಿಂತಿರುವ ಪುಟಕ್ಕೆ ನೀವು ನಡೆದು ಬಂದ ದಾರಿ ಮಾತ್ರ. ಹಿಂದಕ್ಕೆ ಹೋಗಿ ಬೇರೆ ಕೊಂಡಿ ಹಿಡಿದಿದ್ದರೆ, ಬಿಟ್ಟುಬಂದ ಕವಲು ಅಲ್ಲಿರುವುದಿಲ್ಲ. ದೊಡ್ಡ ವಿ ಒತ್ತಿದರೆ ಈ ಬಾರಿ ತೆರೆದ ಎಲ್ಲ ಪುಟಗಳೂ ಬರುತ್ತವೆ. ಆಯ್ಕೆಗಳ ಪುಟದಲ್ಲಿ ಆ ಪಟ್ಟಿಯನ್ನು ಮೊದಲ ಭೇಟಿಯ ಕ್ರಮದಲ್ಲಿ, ಕೊನೆಯ ಭೇಟಿಯ ಕ್ರಮದಲ್ಲಿ, ಅಥವಾ ಮರದ ಆಕಾರದಲ್ಲಿ ತೋರಿಸುವಂತೆ ಮಾಡಬಹುದು. ಮರದ ಆಕಾರವನ್ನು ಒಮ್ಮೆ ನೋಡಿ: ಯಾವ ಪುಟದಿಂದ ಯಾವ ಪುಟಕ್ಕೆ ಹಾರಿದಿರಿ ಎಂಬುದು ವಂಶವೃಕ್ಷದ ಹಾಗೆ ತೆರೆದುಕೊಳ್ಳುತ್ತದೆ. ದೊಡ್ಡ ಗ್ರಾಫಿಕ್ ಬ್ರೌಸರ್‌ಗಳ ಹಿಸ್ಟರಿ ಪುಟದಲ್ಲಿಯೂ ನಾನು ಇಂಥದ್ದನ್ನು ಕಂಡಿಲ್ಲ.

ಆದರೆ ಕ್ಯೂ ಒತ್ತಿ ಹೊರಬಂದಿರೋ, ಎಲ್ಲವೂ ಹೋಯಿತು. ಮೂಲ ಸ್ಥಿತಿಯಲ್ಲಿ ಬೆಕ್ಕು ಲಿಂಕ್ಸ್ ಹಿಸ್ಟರಿಯನ್ನು ಡಿಸ್ಕಿಗೆ ಬರೆಯುವುದೇ ಇಲ್ಲ. ಒಂದು ಸಂಜೆ ನಾನು ಮುಕ್ಕಾಲು ಗಂಟೆ ಕೊಂಡಿಯಿಂದ ಕೊಂಡಿಗೆ ಹಾರುತ್ತ ಒಂದು ಹಳೆಯ ಪ್ರಿಂಟರ್‌ನ ಸಮಸ್ಯೆಗೆ ಪರಿಹಾರ ಹುಡುಕಿ, ಕಡೆಗೂ ಸಿಕ್ಕಿತು ಎನ್ನುವಾಗ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿತು. ಚಾರ್ಜರ್ ಸಿಕ್ಕಿಸದೆ ಕುಳಿತಿದ್ದು ನನ್ನದೇ ತಪ್ಪು. ಮತ್ತೆ ತೆರೆದಾಗ ದೊಡ್ಡ ವಿ ಪಟ್ಟಿ ತೊಳೆದ ಸ್ಲೇಟಿನಂತೆ ಖಾಲಿ.

ಇದಕ್ಕೆ ಮದ್ದು ಇಲ್ಲವೆಂದಲ್ಲ. ಸಂರಚನೆಯ ಫೈಲಿನಲ್ಲಿ ‘ಆಟೋ ಸೆಷನ್’ ಎಂಬ ಸಾಲನ್ನು ಚಾಲೂ ಮಾಡಿ, ‘ಸೆಷನ್ ಫೈಲ್’ ಎಂಬಲ್ಲಿ ಒಂದು ಹೆಸರು ಕೊಟ್ಟರೆ ಮುಚ್ಚುವಾಗ ಬರೆದಿಟ್ಟು, ಮುಂದಿನ ಬಾರಿ ಅದನ್ನೇ ಓದಿಕೊಳ್ಳುತ್ತದೆ. ಆಜ್ಞೆಯ ಸಾಲಿನಲ್ಲಿಯೇ ಸೆಷನ್ ಫೈಲಿನ ಹೆಸರು ಕೊಡುವ ದಾರಿಯೂ ಇದೆ; ಒಂದೊಂದು ಕೆಲಸಕ್ಕೆ ಒಂದೊಂದು ಸೆಷನ್ ಇಟ್ಟುಕೊಳ್ಳುವವರಿಗೆ ಅದು ಅನುಕೂಲ. ಆದರೆ ಗಮನಿಸಿ, ಬರೆಯುವುದು ಸರಿಯಾಗಿ ಮುಚ್ಚಿದಾಗ. ನನ್ನ ಬ್ಯಾಟರಿಯ ಪ್ರಸಂಗದಲ್ಲಿ ಇದೂ ಕೈ ಹಿಡಿಯುತ್ತಿರಲಿಲ್ಲ. ದೂರದ ಸರ್ವರ್ ಮೇಲೆ ಓಡಿಸುವವರು ಟರ್ಮಿನಲ್ ಕೆಲಸವನ್ನು ಹಿನ್ನೆಲೆಯಲ್ಲಿ ಓಡಿಸುವ ಟಿಮಕ್ಸ್ ಎಂಬ ಸಾಧನದ ಒಳಗೆ ಬ್ರೌಸರ್ ತೆರೆದಿಟ್ಟರೆ ಸಂಪರ್ಕ ಕಡಿದರೂ ಬೆಕ್ಕು ಅಲ್ಲಿಯೇ ಕಾದು ಕುಳಿತಿರುತ್ತದೆ. ನಾನು ಈಗ ಹೆಚ್ಚಾಗಿ ಮಾಡುವುದು ಇದನ್ನೇ.

ಡಬ್ಲ್ಯೂ3ಎಂ: ಬುಕ್‌ಮಾರ್ಕಿಗೆ ಅಚ್ಚುಕಟ್ಟು, ಹಿಸ್ಟರಿಗೆ ಅರೆಮನಸ್ಸು

ಅಕಿನೋರಿ ಇಟೊ 1995ರಲ್ಲಿ ಆರಂಭಿಸಿದ ಇದರ ಹೆಸರು ‘ಡಬ್ಲ್ಯೂಡಬ್ಲ್ಯೂಡಬ್ಲ್ಯೂ ನೋಡು’ ಎಂಬ ಜಪಾನಿ ಮಾತಿನ ಸಂಕ್ಷೇಪ. ಪುಟವನ್ನು ಕೋಷ್ಟಕ ಸಮೇತ ಚೆನ್ನಾಗಿ ಜೋಡಿಸಿ ತೋರಿಸುವುದರಲ್ಲಿ ಇದಕ್ಕೆ ಒಳ್ಳೆಯ ಹೆಸರಿದೆ. ಮೂಲ ಯೋಜನೆಯ ಕೆಲಸ ನಿಂತು ವರ್ಷಗಳಾದವು. ಡೆಬಿಯನ್ ಬಳಗದವರು ತಿದ್ದುತ್ತ ಬಂದದ್ದೇ ಈಗ ಹೆಚ್ಚಿನವರ ಕೈಗೆ ಸಿಗುತ್ತಿದೆ.

ಎಸ್ಕೇಪ್ ಒತ್ತಿ ಬಿಟ್ಟು ಸಣ್ಣ ಎ ಒತ್ತಿದರೆ ಒಂದು ಪುಟ್ಟ ಫಾರಂ ತೆರೆಯುತ್ತದೆ. ಶೀರ್ಷಿಕೆ, ವಿಳಾಸ ಎರಡನ್ನೂ ಅಲ್ಲೇ ತಿದ್ದಬಹುದು. ಈ ಬುಕ್‌ಮಾರ್ಕ್ ಯಾವ ವಿಭಾಗಕ್ಕೆ ಸೇರಬೇಕೆಂದು ಆರಿಸಬಹುದು, ಹೊಸ ವಿಭಾಗದ ಹೆಸರನ್ನೂ ಕೊಡಬಹುದು. ಎಸ್ಕೇಪ್ ಬಳಿಕ ಸಣ್ಣ ಬಿ ಒತ್ತಿದರೆ ಪಟ್ಟಿ ಬರುತ್ತದೆ. ಅದು ಬರೀ ಪಟ್ಟಿಯಲ್ಲ, ವಿಭಾಗಗಳ ತಲೆಬರಹವಿರುವ ಒಂದು ಅಂದವಾದ ಪುಟ. ಆಜ್ಞೆಯ ಸಾಲಿನಲ್ಲಿ ದೊಡ್ಡ ಬಿ ಆಯ್ಕೆ ಕೊಟ್ಟು ಶುರು ಮಾಡಿದರೆ ನೇರವಾಗಿ ಆ ಪುಟವೇ ತೆರೆದುಕೊಳ್ಳುತ್ತದೆ. ನಾನು ಅದನ್ನೇ ಮುಖಪುಟ ಮಾಡಿಕೊಂಡಿದ್ದೇನೆ.

ಅಳಿಸುವ ಕೀಲಿ ಮಾತ್ರ ಇಲ್ಲ. ಬುಕ್‌ಮಾರ್ಕ್ ಪುಟದಲ್ಲಿ ನಿಂತು ದೊಡ್ಡ ಇ ಒತ್ತಿದರೆ ಆ ಫೈಲು ನಿಮ್ಮ ಎಡಿಟರ್‌ನಲ್ಲಿ ತೆರೆಯುತ್ತದೆ, ಸಾಲನ್ನು ಕೈಯಾರೆ ತೆಗೆಯಬೇಕು. ಎಡಿಟರ್ ಬಳಸಲು ಅಂಜಿಕೆಯಿಲ್ಲದವರಿಗೆ ಇದು ಹಬ್ಬ: ಹತ್ತು ಸಾಲು ಒಟ್ಟಿಗೆ ಅಳಿಸಿ, ವಿಭಾಗಗಳನ್ನು ಅದಲು ಬದಲು ಮಾಡಿ, ಯಾರೂ ಕೇಳುವುದಿಲ್ಲ. ಒಂದೇ ನಿಯಮ. ಪ್ರತಿ ವಿಭಾಗದ ಕೊನೆಗೆ, ಅಳಿಸಬೇಡಿ ಎಂದು ತಾನೇ ಹೇಳಿಕೊಳ್ಳುವ ಒಂದು ಟಿಪ್ಪಣಿಯ ಸಾಲು ಇರುತ್ತದೆ. ಹೊಸ ಬುಕ್‌ಮಾರ್ಕ್ ಎಲ್ಲಿ ಸೇರಬೇಕು ಎಂಬುದಕ್ಕೆ ಅದೇ ಗುರುತಿನ ಕಲ್ಲು. ಶುಚಿ ಮಾಡುವ ಉತ್ಸಾಹದಲ್ಲಿ ಅದನ್ನು ಕಿತ್ತರೆ ಆ ವಿಭಾಗಕ್ಕೆ ಹೊಸದು ಸೇರುವುದಿಲ್ಲ.

ಹಿಸ್ಟರಿಯನ್ನು ಕಂಟ್ರೋಲ್ ಹಿಡಿದು ಎಚ್ ಒತ್ತಿ ನೋಡಬಹುದು. ಹೊಸದು ಮೇಲೆ, ಹಳೆಯದು ಕೆಳಗೆ. ಬ್ಯಾಕ್‌ಸ್ಪೇಸ್ ಕೀಲಿಯಿಂದ ಇದೇ ಸಂಕೇತ ಹೊರಡಿಸುವ ಟರ್ಮಿನಲ್‌ಗಳೂ ಇವೆ. ಅಲ್ಲಿ ಬ್ಯಾಕ್‌ಸ್ಪೇಸ್ ಒತ್ತಿದವರಿಗೆ ಕೇಳದೆಯೇ ಹಿಸ್ಟರಿ ಎದುರಾಗುತ್ತದೆ. ಮುಚ್ಚುವಾಗ ಈ ಪಟ್ಟಿಯನ್ನು ತನ್ನ ಗುಪ್ತ ಫೋಲ್ಡರ್‌ನಲ್ಲಿ ‘ಹಿಸ್ಟರಿ’ ಎಂಬ ಫೈಲಿಗೆ ಬರೆದಿಡುತ್ತದೆ. ಮೂಲ ಸ್ಥಿತಿಯಲ್ಲಿ 100 ವಿಳಾಸಗಳು. ಸಣ್ಣ ಒ ಒತ್ತಿ ಆಯ್ಕೆಗಳಲ್ಲಿ ಈ ಸಂಖ್ಯೆಯನ್ನು ಹೆಚ್ಚಿಸಬಹುದು, ಉಳಿಸುವುದೇ ಬೇಡವೆಂದೂ ಹೇಳಬಹುದು. ಅರೆಮನಸ್ಸು ಎಂದು ನಾನು ಹೇಳಿದ್ದಕ್ಕೆ ಕಾರಣ, ಆ ಫೈಲಿನಲ್ಲಿರುವುದು ವಿಳಾಸ ಮಾತ್ರ. ಶೀರ್ಷಿಕೆಯಿಲ್ಲ, ತಾರೀಖಿಲ್ಲ. ‘ಹೋದ ವಾರ ಓದಿದ ಆ ಲೇಖನ’ ಎಂಬ ನೆನಪು ಹಿಡಿದು ಹುಡುಕಿದರೆ ಏನೂ ಸಿಗದು. ವಿಳಾಸದಲ್ಲಿದ್ದ ಒಂದು ಪದವಾದರೂ ನೆನಪಿರಬೇಕು.

ಇನ್ನೊಂದು ಗುಟ್ಟು ಗೊತ್ತಿರಲಿ. ದೊಡ್ಡ ಬಿ ಒತ್ತಿ ಹಿಂದಿನ ಪುಟಕ್ಕೆ ಹೋದಾಗ, ನೋಡುತ್ತಿದ್ದ ಪುಟವನ್ನು ಡಬ್ಲ್ಯೂ3ಎಂ ಎಸೆದೇ ಬಿಡುತ್ತದೆ. ‘ಮುಂದಕ್ಕೆ’ ಎಂಬುದು ಇದರ ಮೂಲ ಕೀಲಿಗಳಲ್ಲಿ ಇಲ್ಲ. ಸಣ್ಣ ಎಸ್ ಒತ್ತಿದರೆ ಕಾಣುವ ಪಟ್ಟಿಯಲ್ಲಿರುವುದು ಎಸೆಯದೆ ಉಳಿದ ಪುಟಗಳು ಮಾತ್ರ. ಫೈರ್‌ಫಾಕ್ಸ್‌ನಲ್ಲಿ ಹಿಂದೆ ಮುಂದೆ ಓಡಾಡಿ ರೂಢಿಯಾದವರು ಮೊದಲ ದಿನವೇ ಇದರಿಂದ ಸಿಡಿಮಿಡಿಗೊಳ್ಳುತ್ತಾರೆ. ಎಸೆದ ಪುಟದ ವಿಳಾಸ ಹಿಸ್ಟರಿಯಲ್ಲಿ ಇದ್ದೇ ಇರುತ್ತದೆ. ಕಂಟ್ರೋಲ್ ಎಚ್ ಒತ್ತಿ, ಮೇಲಿನ ಸಾಲಿನಲ್ಲಿ ಎಂಟರ್ ಹೊಡೆದರೆ ಮತ್ತೆ ಬರುತ್ತದೆ.

ಇಲಿಂಕ್ಸ್: ಏನನ್ನೂ ಬಿಟ್ಟುಕೊಡದ ಇಲಿ

ಕೊಂಡಿ ಲಿಂಕ್ಸ್ ಅನ್ನು 1999ರ ಸುಮಾರಿಗೆ ಬರೆದವರು ಚೆಕ್ ದೇಶದ ಮಿಕುಲಾಶ್ ಪಟೊಚ್ಕಾ. ಅದರಿಂದ 2001ರಲ್ಲಿ ಪೆಟ್ರ್ ಬೌಡಿಶ್ ಕವಲೊಡೆಸಿದ್ದು ಇಲಿಂಕ್ಸ್. ಹೆಸರಿನ ಮುಂದಿನ ‘ಇ’ ಆಗ ‘ಪ್ರಯೋಗ’ ಎಂಬುದರ ಸೂಚನೆ. ಕೊಂಡಿ ಲಿಂಕ್ಸ್ ಬಗ್ಗೆ ಎರಡೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಸಣ್ಣ ಎಸ್ ಒತ್ತಿದರೆ ಫೋಲ್ಡರ್‌ಗಳಿರುವ ಒಳ್ಳೆಯ ಬುಕ್‌ಮಾರ್ಕ್ ಕಿಟಕಿ ತೆರೆಯುತ್ತದೆ. ಹಿಸ್ಟರಿ ನಿಮಗೆ ಮುಖ್ಯವಲ್ಲವಾದರೆ, ಹಗುರವಾದದ್ದು ಸಾಕಾದರೆ, ಅದು ಒಳ್ಳೆಯ ಆಯ್ಕೆಯೇ. ಹಿಸ್ಟರಿ ಬೇಕಾದವರಿಗೆ ಮಾತ್ರ ಇಲಿಂಕ್ಸ್ ಇರುವಾಗ ಅದರತ್ತ ಹೋಗಲು ಕಾರಣ ಕಾಣುವುದಿಲ್ಲ.

ಇಲಿಂಕ್ಸ್‌ನಲ್ಲಿ ಕೀಲಿಗಳು ನೆನಪಿನಲ್ಲಿ ಉಳಿಯುವಂಥವು. ಸೇರಿಸಲು ಸಣ್ಣ ಎ, ಬುಕ್‌ಮಾರ್ಕ್ ಕಿಟಕಿಗೆ ಸಣ್ಣ ಎಸ್, ಹಿಸ್ಟರಿಗೆ ಸಣ್ಣ ಎಚ್. ಎಡಬಾಣ ಒತ್ತಿ ಹಿಂದೆ ಹೋದವರು ಸಣ್ಣ ಯು ಒತ್ತಿ ಮುಂದಕ್ಕೂ ಬರಬಹುದು. ಬುಕ್‌ಮಾರ್ಕ್ ಕಿಟಕಿಯಲ್ಲಿ ಫೋಲ್ಡರ್, ಅದರೊಳಗೆ ಫೋಲ್ಡರ್, ನಡುವೆ ಗೆರೆ, ಹುಡುಕಾಟ, ಸ್ಥಳಾಂತರ ಎಲ್ಲವೂ ಇವೆ. ತೆರೆದಿಟ್ಟ ಟ್ಯಾಬ್‌ಗಳನ್ನೆಲ್ಲ ಒಟ್ಟಿಗೆ ಒಂದು ಫೋಲ್ಡರ್‌ಗೆ ತುಂಬಿಸಿಡುವ ಆಯ್ಕೆ ಮೆನುವಿನಲ್ಲಿದೆ. ಸಂಜೆ ಕೆಲಸ ನಿಲ್ಲಿಸುವಾಗ ನಾನು ಇದನ್ನು ಬಳಸುತ್ತೇನೆ. ಫೋಲ್ಡರ್‌ಗೆ ಆ ದಿನದ ತಾರೀಖನ್ನೇ ಹೆಸರಾಗಿ ಕೊಡುತ್ತೇನೆ. ಆ ಫೋಲ್ಡರ್‌ಗಳನ್ನು ಮತ್ತೆ ತೆರೆದು ನೋಡಿದ್ದು ಎಷ್ಟು ಬಾರಿ ಎಂದು ಮಾತ್ರ ಕೇಳಬೇಡಿ.

ಬುಕ್‌ಮಾರ್ಕ್ ಫೈಲು ಎಚ್‌ಟಿಎಂಎಲ್ ಅಲ್ಲ, ಟ್ಯಾಬ್ ಅಕ್ಷರದಿಂದ ಬೇರ್ಪಡಿಸಿದ ಬರೀ ಪಠ್ಯ: ಶೀರ್ಷಿಕೆ, ವಿಳಾಸ, ಎಷ್ಟನೆಯ ಆಳದ ಫೋಲ್ಡರ್ ಎಂಬ ಅಂಕಿ, ಕೊನೆಗೆ ಒಂದೆರಡು ಗುರುತು. ಫೈಲಿನೊಳಗೆ ಪದ ಹುಡುಕುವ ಗ್ರೆಪ್ ಎಂಬ ಆಜ್ಞೆಯಿಂದ ಹುಡುಕಲು ಇದಕ್ಕಿಂತ ಸುಲಭವಾದದ್ದು ಬೇರೆಯಿಲ್ಲ. ಆದರೆ ಬೇರೆ ಬ್ರೌಸರ್‌ನಲ್ಲಿ ನೇರವಾಗಿ ತೆರೆದು ಕ್ಲಿಕ್ಕಿಸಲು ಆಗುವುದಿಲ್ಲ. ಬೆಕ್ಕು ಲಿಂಕ್ಸ್ ಮತ್ತು ಡಬ್ಲ್ಯೂ3ಎಂಗಳ ಪಟ್ಟಿಗಳು ಪುಟಗಳೇ ಆದ್ದರಿಂದ ಒಂದರ ಪಟ್ಟಿಯನ್ನು ಇನ್ನೊಂದರಲ್ಲಿ, ಫೈರ್‌ಫಾಕ್ಸ್‌ನಲ್ಲಿ, ಫೋನಿನಲ್ಲಿ ಎಲ್ಲಿ ಬೇಕಾದರೂ ತೆರೆಯಬಹುದು. ಬುಕ್‌ಮಾರ್ಕ್ ಒಂದನ್ನೇ ನೋಡಿ ಹೇಳಬೇಕಾದರೆ ನನ್ನ ಓಟು ಈ ಕಾರಣಕ್ಕೆ ಡಬ್ಲ್ಯೂ3ಎಂಗೆ.

ಆದರೆ ಹಿಸ್ಟರಿಯ ವಿಷಯಕ್ಕೆ ಬಂದರೆ ಇಲಿಂಕ್ಸ್ ಎದುರು ಉಳಿದವು ನಿಲ್ಲುವುದಿಲ್ಲ. ಪ್ರತಿ ಪುಟದ ಶೀರ್ಷಿಕೆ, ವಿಳಾಸ, ತೆರೆದ ಹೊತ್ತು ಮೂರನ್ನೂ ಬರೆದಿಡುತ್ತದೆ. ಮೂಲ ಸ್ಥಿತಿಯಲ್ಲಿ 1024 ಪುಟಗಳ ಲೆಕ್ಕ ಇಡುತ್ತದೆ. ಹಿಸ್ಟರಿ ಕಿಟಕಿಯಲ್ಲಿಯೇ ಹುಡುಕಬಹುದು, ಒಂದೊಂದಾಗಿ ಅಳಿಸಬಹುದು, ಬೇಕಾದದ್ದನ್ನು ಅಲ್ಲಿಂದಲೇ ಬುಕ್‌ಮಾರ್ಕ್‌ಗೆ ಬಡ್ತಿ ಕೊಡಬಹುದು. ಪಟ್ಟಿಯಲ್ಲಿ ಶೀರ್ಷಿಕೆ ಕಾಣಬೇಕೋ ವಿಳಾಸ ಕಾಣಬೇಕೋ ಎಂಬುದೂ ನಿಮ್ಮ ಇಷ್ಟ. ಎಲ್ಲಕ್ಕಿಂತ ಮುಖ್ಯವಾಗಿ, ಮುಚ್ಚುವವರೆಗೆ ಕಾಯದೆ ನಡುನಡುವೆ ಡಿಸ್ಕಿಗೆ ಬರೆಯುತ್ತದೆ. ಮೂಲ ಅವಧಿ 300 ಸೆಕೆಂಡು. ಬ್ಯಾಟರಿ ಸತ್ತರೂ ಕಳೆದುಕೊಳ್ಳುವುದು ಕೊನೆಯ ಐದು ನಿಮಿಷ. ಅಂದು ಸಂಜೆ ಇದರಲ್ಲಿ ಹುಡುಕಿದ್ದರೆ ಆ ಪ್ರಿಂಟರ್ ಪುಟದ ಹತ್ತಿರದವರೆಗಿನ ದಾರಿಯಾದರೂ ಸಿಗುತ್ತಿತ್ತು.

ಇನ್ನೊಂದು ವ್ಯತ್ಯಾಸ ಎರಡು ಟರ್ಮಿನಲ್ ತೆರೆದವರ ಗಮನಕ್ಕೆ ಬರುತ್ತದೆ. ಎರಡನೆಯ ಕಿಟಕಿಯಲ್ಲಿ ಇಲಿಂಕ್ಸ್ ಶುರು ಮಾಡಿದರೆ ಅದು ಹೊಸದಾಗಿ ಹುಟ್ಟದೆ, ಆಗಲೇ ಓಡುತ್ತಿರುವುದರ ಜೊತೆ ಸೇರಿಕೊಳ್ಳುತ್ತದೆ. ಹಾಗಾಗಿ ಎರಡೂ ಕಿಟಕಿಗಳಿಗೆ ಬುಕ್‌ಮಾರ್ಕ್ ಒಂದೇ, ಹಿಸ್ಟರಿ ಒಂದೇ. ಬೆಕ್ಕು ಲಿಂಕ್ಸ್‌ನ ಎರಡು ಕಿಟಕಿಗಳು ಒಂದರ ಹಿಸ್ಟರಿಯನ್ನು ಇನ್ನೊಂದು ಕಾಣದೆ ಬೇರೆ ಬೇರೆ ಬದುಕುತ್ತವೆ. ಹಾಗೆ ಬೇರೆ ಬೇರೆಯಾಗಿಯೇ ಇರಲಿ ಎನ್ನುವವರಿಗೆ ‘ನೋ ಕನೆಕ್ಟ್’ ಎಂಬ ಆಯ್ಕೆಯನ್ನೂ ಇಲಿಂಕ್ಸ್ ಇಟ್ಟಿದೆ.

ಸ್ಕ್ರೀನ್ ರೀಡರ್ ಬಳಸುವವರಿಗೆ ನನ್ನ ಸಲಹೆ ಬೇರೆ. ಇಲಿಂಕ್ಸ್‌ನ ಕಿಟಕಿಗಳು ಪುಟದ ಮೇಲೆ ಚೌಕಟ್ಟು ಬಿಡಿಸಿಕೊಂಡು ಕೂರುತ್ತವೆ. ಸಾಲು ಸಾಲಾಗಿ ಓದಿಸಿದಾಗ ಕಿಟಕಿಯ ಮಾತೂ ಹಿಂದಿನ ಪುಟದ ಮಾತೂ ಕಲಸಿಹೋಗಬಹುದು. ಬೆಕ್ಕು ಲಿಂಕ್ಸ್‌ನಲ್ಲಿ ಬುಕ್‌ಮಾರ್ಕ್ ಪಟ್ಟಿ, ಹಿಸ್ಟರಿ ಪಟ್ಟಿ, ಆಯ್ಕೆಗಳು ಎಲ್ಲವೂ ಸಾದಾ ಪುಟಗಳೇ. ಮೇಲಿನಿಂದ ಕೆಳಕ್ಕೆ ಓದಿದರಾಯಿತು.

ಕನ್ನಡ ಪುಟಗಳನ್ನು ಉಳಿಸುವವರಿಗೆ

ಇಲ್ಲಿ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಕನ್ನಡದ ಪ್ರತಿ ಸಂಕೇತವೂ ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಮೂರು ಬೈಟ್ ನುಂಗುತ್ತದೆ. ವಿಳಾಸದಲ್ಲಿ ಪ್ರತಿ ಬೈಟನ್ನು ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರಗಳಾಗಿ ಬರೆಯುತ್ತಾರೆ. ‘ಕನ್ನಡ’ ಎಂಬ ಪದದಲ್ಲಿ ನಮ್ಮ ಕಣ್ಣಿಗೆ ಮೂರು ಅಕ್ಷರ, ಕಂಪ್ಯೂಟರಿಗೆ ಅರ್ಧಾಕ್ಷರದ ಚಿಹ್ನೆ ಸೇರಿ ಐದು ಸಂಕೇತ, ಅಂದರೆ 15 ಬೈಟ್. ವಿಳಾಸದಲ್ಲಿ ಅದು 45 ಅಕ್ಷರಗಳ ಬೇಲಿಯಾಗುತ್ತದೆ. ‘ಕರ್ನಾಟಕ’ಕ್ಕೆ 63. ಕನ್ನಡ ವಿಕಿಪೀಡಿಯದ ಹತ್ತು ಪುಟ ಓದಿ ಡಬ್ಲ್ಯೂ3ಎಂನ ಹಿಸ್ಟರಿ ತೆರೆದವರಿಗೆ ಹತ್ತು ಬೇಲಿಗಳು ಕಾಣಬಹುದು. ಯಾವುದು ಕುವೆಂಪು, ಯಾವುದು ಕುಂದಾಪುರ ಎಂದು ಹೇಳಲಾಗದು. ಬಿಡಿಸಿದ ರೂಪದಲ್ಲಿ ವಿಳಾಸ ತೋರಿಸುವ ಆಯ್ಕೆ ಅದರಲ್ಲಿದೆ, ಚಾಲೂ ಮಾಡಿಕೊಳ್ಳಿ. ಶೀರ್ಷಿಕೆಯನ್ನೇ ಬರೆದಿಡುವ ಇಲಿಂಕ್ಸ್‌ನಲ್ಲಿ ಈ ತಾಪತ್ರಯವಿಲ್ಲ.

ಆದರೆ ಶೀರ್ಷಿಕೆ ಸರಿಯಾಗಿ ಕಾಣುವುದು ಟರ್ಮಿನಲ್‌ನ ಕೈಯಲ್ಲಿದೆ. ಟರ್ಮಿನಲ್ ಎಂದರೆ ಚದುರಂಗದ ಹಾಸಿನಂತೆ ಸಮಾನ ಮನೆಗಳ ಸಾಲು; ಕನ್ನಡದ ಒತ್ತಕ್ಷರ, ಗುಣಿತಗಳು ಆ ಮನೆಗಳಿಗೆ ಹೊಂದುವುದಿಲ್ಲ. ಎಷ್ಟೋ ಟರ್ಮಿನಲ್‌ಗಳಲ್ಲಿ ‘ಸ್ವಾತಂತ್ರ್ಯ’ದಂಥ ಪದ ಬಿಡಿಬಿಡಿಯಾಗಿ ಚೆಲ್ಲಿಹೋಗುತ್ತದೆ, ಸಾಲಿನ ಅಳತೆ ತಪ್ಪಿ ಕಿಟಕಿಯ ಅಂಚು ಸೊಟ್ಟಗಾಗುತ್ತದೆ. ಪುಟದಲ್ಲಿ ಹೀಗಾದರೆ ಹೇಗೋ ಓದಬಹುದು. ಬುಕ್‌ಮಾರ್ಕ್ ಪಟ್ಟಿಯಲ್ಲಿ ಆದರೆ ಹುಡುಕುವುದು ಕಷ್ಟ. ನಾನು ಸೋತು ಕಂಡುಕೊಂಡ ಉಪಾಯ ಇದು: ಬುಕ್‌ಮಾರ್ಕ್ ಮಾಡುವಾಗ ಶೀರ್ಷಿಕೆಯ ಮುಂದೆ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಗಿಡ್ಡ ಗುರುತು ಸೇರಿಸುತ್ತೇನೆ. ಕಾಣುವುದು ಹೇಗಿದ್ದರೂ ಗ್ರೆಪ್‌ಗೆ ಅದು ಸಿಗುತ್ತದೆ. ಕನ್ನಡಾಭಿಮಾನಕ್ಕೆ ಇದು ಸ್ವಲ್ಪ ಚುಚ್ಚುತ್ತದೆ, ನಿಜ. ಫೈಲನ್ನು ಫೋನಿನಲ್ಲಿಯೋ ಫೈರ್‌ಫಾಕ್ಸ್‌ನಲ್ಲಿಯೋ ತೆರೆದಾಗ ಕನ್ನಡ ಶೀರ್ಷಿಕೆ ಕೊಂಕಿಲ್ಲದೆ ಕಾಣುವುದರಿಂದ ಅದನ್ನು ಅಳಿಸುವುದಿಲ್ಲ.

ಬೇರೆಯವರೂ ಕೂರುವ ಕಂಪ್ಯೂಟರಿನಲ್ಲಿ

ಕಾಲೇಜಿನ ಲ್ಯಾಬು, ಕಚೇರಿಯ ಸರ್ವರ್, ಮನೆಮಂದಿಯೆಲ್ಲ ಒಂದೇ ಖಾತೆ ಬಳಸುವ ಕಂಪ್ಯೂಟರ್. ಇಂಥ ಕಡೆ ಮೇಲಿನ ಶ್ರೇಯಾಂಕ ತಲೆಕೆಳಗಾಗುತ್ತದೆ. ಮರೆಗುಳಿ ಬೆಕ್ಕೇ ಇಲ್ಲಿ ಜಾಣ. ಇಲಿಂಕ್ಸ್ ಬಳಸಲೇಬೇಕಾದರೆ ಆಯ್ಕೆಗಳಲ್ಲಿ ‘ಜಾಗತಿಕ ಹಿಸ್ಟರಿ’ ಎಂಬುದನ್ನು ಬಂದ್ ಮಾಡಿಬಿಡಿ, ಅಥವಾ ತನ್ನ ಫೋಲ್ಡರನ್ನು ಮುಟ್ಟದಂತೆ ಮಾಡುವ ‘ನೋ ಹೋಂ’ ಆಯ್ಕೆಯೊಂದಿಗೆ ಶುರು ಮಾಡಿ. ಇಲಿಂಕ್ಸ್ ನೀವು ವಿಳಾಸದ ಪೆಟ್ಟಿಗೆಯಲ್ಲಿ ಟೈಪಿಸಿದ್ದನ್ನೂ ಪುಟದೊಳಗೆ ಹುಡುಕಿದ ಪದಗಳನ್ನೂ ಬೇರೆ ಬೇರೆ ಫೈಲುಗಳಲ್ಲಿ ಇಡುತ್ತದೆ ಎಂಬುದನ್ನು ಮರೆಯಬೇಡಿ. ಹಿಸ್ಟರಿ ಕಿಟಕಿಯನ್ನು ಖಾಲಿ ಮಾಡಿದ ಮಾತ್ರಕ್ಕೆ ಅವು ಖಾಲಿಯಾಗುವುದಿಲ್ಲ.

ಇಷ್ಟು ಮಾಡಿದ ಮೇಲೂ ಬಹಳ ಜನ ಒಂದು ಕಡೆ ಸಿಕ್ಕಿಬೀಳುತ್ತಾರೆ. ಬ್ರೌಸರಿನ ಹೆಸರಿನ ಮುಂದೆಯೇ ವಿಳಾಸ ಟೈಪಿಸಿ ಎಂಟರ್ ಹೊಡೆದರೆ, ಆ ಇಡೀ ಸಾಲು ಶೆಲ್‌ನ, ಅಂದರೆ ಟೈಪಿಸಿದ ಆಜ್ಞೆಗಳನ್ನು ಓದಿ ನಡೆಸುವ ಪ್ರೋಗ್ರಾಮಿನ, ಹಿಸ್ಟರಿ ಫೈಲಿಗೆ ಹೋಗಿ ಕೂರುತ್ತದೆ. ಬ್ರೌಸರ್ ಮರೆತರೂ ಬ್ಯಾಶ್ ಎಂಬ ಶೆಲ್ ಮರೆಯುವುದಿಲ್ಲ. ಮೊದಲು ಬ್ರೌಸರನ್ನು ಬರಿದಾಗಿ ತೆರೆದು, ಒಳಗೆ ಹೋದ ಮೇಲೆ ಸಣ್ಣ ಜಿ ಒತ್ತಿ ವಿಳಾಸ ಕೊಡುವುದು ಒಳ್ಳೆಯ ಅಭ್ಯಾಸ. ಡಬ್ಲ್ಯೂ3ಎಂನಲ್ಲಿ ಅದಕ್ಕೆ ದೊಡ್ಡ ಯು. ಉಬುಂಟು ಲಿನಕ್ಸ್‌ನ ಮೂಲ ಸ್ಥಿತಿಯಲ್ಲಿ, ಸಾಲಿನ ಆರಂಭದಲ್ಲಿ ಒಂದು ಖಾಲಿ ಜಾಗ ಬಿಟ್ಟು ಆಜ್ಞೆ ಟೈಪಿಸಿದರೂ ಬ್ಯಾಶ್ ಅದನ್ನು ಬರೆದಿಟ್ಟುಕೊಳ್ಳುವುದಿಲ್ಲ. ಇನ್ನು ಸರ್ವರಿನ ರೂಟ್ (ಪೂರ್ಣ ನಿಯಂತ್ರಣದ) ಅಧಿಕಾರ ಇರುವವರಿಂದ, ನಡುವಿನ ಪ್ರಾಕ್ಸಿಯಿಂದ ಏನನ್ನೂ ಬಚ್ಚಿಡಲು ಯಾವ ಬ್ರೌಸರಿಗೂ ಸಾಧ್ಯವಿಲ್ಲ.

ಬ್ರೌಸರಿನ ಹೊರಗೆ

ಈಮ್ಯಾಕ್ಸ್ ಎಂಬ ಎಡಿಟರ್‌ನಲ್ಲೇ ಬದುಕುವವರಿಗೆ 2014ರ 24.4ನೇ ಆವೃತ್ತಿಯಿಂದ ಅದರೊಳಗೇ ಈಡಬ್ಲ್ಯೂಡಬ್ಲ್ಯೂ ಎಂಬ ಬ್ರೌಸರ್ ಇದೆ. ಸೇರಿಸಲು ಸಣ್ಣ ಬಿ, ಪಟ್ಟಿಗೆ ದೊಡ್ಡ ಬಿ, ಹಿಸ್ಟರಿಗೆ ದೊಡ್ಡ ಎಚ್. ಬುಕ್‌ಮಾರ್ಕ್ ಉಳಿಯುತ್ತದೆ, ಹಿಸ್ಟರಿ ಈಮ್ಯಾಕ್ಸ್ ಮುಚ್ಚಿದಾಗ ಹೋಗುತ್ತದೆ. ಬೆಕ್ಕು ಲಿಂಕ್ಸ್‌ನ ಸ್ವಭಾವವೇ. ಈಮ್ಯಾಕ್ಸ್ ಬಳಸದವರು ಇದಕ್ಕಾಗಿ ಅದನ್ನು ಕಲಿಯುವ ಅಗತ್ಯ ಖಂಡಿತ ಇಲ್ಲ.

ಬುಕ್‌ಮಾರ್ಕ್‌ಗಳು ಸಾವಿರ ದಾಟಿದವರು, ಅಥವಾ ಎರಡು ಮೂರು ಬ್ರೌಸರ್ ಬಳಸುವವರು ಬುಕು ಎಂಬ ಸಾಧನವನ್ನು ನೋಡಬಹುದು. ಅದು ಬ್ರೌಸರ್ ಅಲ್ಲ. ಟರ್ಮಿನಲ್‌ನಿಂದ ಬಳಸುವ ಬುಕ್‌ಮಾರ್ಕ್ ಕಪಾಟು. ಎಲ್ಲವನ್ನೂ ಎಸ್‌ಕ್ಯೂಲೈಟ್ ಡೇಟಾಬೇಸಿನಲ್ಲಿ ಇಡುತ್ತದೆ, ಫೋಲ್ಡರ್ ಬದಲಿಗೆ ಟ್ಯಾಗ್ ಅಂಟಿಸುತ್ತದೆ, ಫೈರ್‌ಫಾಕ್ಸ್ ರಫ್ತು ಮಾಡಿದ ಎಚ್‌ಟಿಎಂಎಲ್ ಫೈಲನ್ನು ಒಳಗೆ ತೆಗೆದುಕೊಳ್ಳುತ್ತದೆ, ಬೇಕೆಂದರೆ ಇಡೀ ಕಪಾಟಿಗೆ ಪಾಸ್‌ವರ್ಡ್ ಬೀಗ ಹಾಕುತ್ತದೆ. ಸಿಕ್ಕ ಪುಟವನ್ನು ನೀವು ಹೇಳಿದ ಪಠ್ಯ ಬ್ರೌಸರ್‌ನಲ್ಲಿ ತೆರೆದು ಕೊಡುತ್ತದೆ. ನೂರಿನ್ನೂರು ಬುಕ್‌ಮಾರ್ಕ್ ಇರುವವರಿಗೆ ಇದು ಹಿತ್ತಲಿನ ಬಾವಿಗೆ ಟ್ಯಾಂಕರ್ ತರಿಸಿದಂತೆ.

ನನ್ನ ಏರ್ಪಾಡು ಹೀಗಿದೆ. ಓದಲು ಮತ್ತು ಬುಕ್‌ಮಾರ್ಕ್‌ಗೆ ಡಬ್ಲ್ಯೂ3ಎಂ, ಅದರ ಬುಕ್‌ಮಾರ್ಕ್ ಫೈಲು, ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿದೆ. ಏನನ್ನಾದರೂ ಹುಡುಕಿಕೊಂಡು ಎಲ್ಲೆಲ್ಲೋ ಅಲೆಯಬೇಕಾದಾಗ ಇಲಿಂಕ್ಸ್. ಹಿಸ್ಟರಿಯ ಮಿತಿಯನ್ನು 1024ರಿಂದ 5000ಕ್ಕೆ ಏರಿಸಿದ್ದೇನೆ. ಬೇರೆಯವರ ಸರ್ವರ್‌ಗೆ ಹೊಕ್ಕಾಗ ಬೆಕ್ಕು ಲಿಂಕ್ಸ್. ಬೆಕ್ಕಿನ ಮತ್ತು ಡಬ್ಲ್ಯೂ3ಎಂನ ಬುಕ್‌ಮಾರ್ಕ್‌ಗಳಿಗೆ ಒಂದೇ ಫೈಲು ಸಾಕಲ್ಲ ಎಂದು ಒಮ್ಮೆ ಯೋಚಿಸಿದ್ದೆ. ಒಂದು ಕೊನೆಗೆ ಸೇರಿಸುತ್ತದೆ, ಇನ್ನೊಂದು ಗುರುತಿನ ಕಲ್ಲಿನ ಹಿಂದೆ ಸೇರಿಸುತ್ತದೆ. ಎರಡೂ ಒಂದೇ ಫೈಲಿಗೆ ಬರೆಯುತ್ತ ಹೋದರೆ ವಿಭಾಗಗಳು ಕಲಸುಮೇಲೋಗರ. ಈಗ ಬೆಕ್ಕಿನ ಪಟ್ಟಿಯ ಮೊದಲ ಸಾಲಿನಲ್ಲಿ ಡಬ್ಲ್ಯೂ3ಎಂನ ಬುಕ್‌ಮಾರ್ಕ್ ಫೈಲಿಗೆ ಒಂದು ಕೊಂಡಿ ಇಟ್ಟಿದ್ದೇನೆ. ಸಣ್ಣ ವಿ ಒತ್ತಿ, ಎಂಟರ್ ಹೊಡೆದರೆ ಎಲ್ಲವೂ ಅಲ್ಲೇ ಇದೆ.